ಭಟ್ಟಿಮನೆಯ ಡ್ರಾಯಿಂಗ್ ಕ್ಲಾಸು

ಮಕ್ಕಳನ್ನು ಸಾರಾಯಿ ಭಟ್ಟಿಗೆ ಕರೆದುಕೊಂಡು ಹೋದವಳು ನಾನೇ. ಬೇರೆಯವರ ಹೆಸರು ಹೇಳಿ ತಪ್ಪಿಸಿಕೊಳ್ಳುವ ಜಾಯಮಾನ ನನ್ನದಲ್ಲ. ನಾನು ವೆಲಿಚ್ಕಾ ಟೀಚರ್, ವಯಸ್ಸು ಐವತ್ತೊಂಬತ್ತು, ಈ ಊರಿನ ಮಕ್ಕಳಿಗೆ ಮೂವತ್ತೊಂದು ವರ್ಷದಿಂದ ಡ್ರಾಯಿಂಗ್ ಹೇಳಿಕೊಡುತ್ತಿರುವವಳು. ಜಿಲ್ಲಾ ಕಚೇರಿಯವರು ಕಾರಣ ಕೇಳಿ ಕಾಗದ ಬರೆದಾಗ, ಮೊದಲು ಕೊಕ್ಕರೆಗಳನ್ನು ಕೇಳಿ ಎಂದು ಉತ್ತರ ಬರೆದೆ. ಅವರು ಮತ್ತೆ ಬರೆಯಲಿಲ್ಲ.

ನಮ್ಮ ಕ್ಲಾಸು ನಡೆಯುವುದು ಊರಿನ ವಾಚನಾಲಯದ ಮಹಡಿಯಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಒಂದು ಜೋಡಿ ಕೊಕ್ಕರೆ ಬಂದು ಸರಿಯಾಗಿ ನಮ್ಮ ಒಲೆಯ ಹೊಗೆಗೂಡಿನ ಮೇಲೆಯೇ ಗೂಡು ಕಟ್ಟಿದವು. ಗಾಡಿ ಚಕ್ರದಷ್ಟು ಅಗಲದ ಗೂಡು. ಆಗಸ್ಟ್‌ನಲ್ಲಿ ಹಕ್ಕಿಗಳು ಮರಿ ಕಟ್ಟಿಕೊಂಡು ಆಫ್ರಿಕಾಕ್ಕೆ ಹೋದವು, ಗೂಡು ನಮಗೆ ಉಳಿಯಿತು. ಅದನ್ನು ಕೀಳಲು ಕಾನೂನು ಬಿಡುವುದಿಲ್ಲ. ಕಾನೂನು ಬಿಟ್ಟರೂ ನಮ್ಮೂರ ಹೆಂಗಸರು ಬಿಡುವುದಿಲ್ಲ, ಕೊಕ್ಕರೆ ಗೂಡು ಕಿತ್ತ ಮನೆಯಲ್ಲಿ ಮತ್ತೆ ತೊಟ್ಟಿಲು ತೂಗುವುದಿಲ್ಲವಂತೆ. ವಾಚನಾಲಯದಲ್ಲಿ ಯಾವ ಪುಣ್ಯಾತ್ಗಿತ್ತಿ ಹೆರಬೇಕೆಂದಿದ್ದಳೋ ನನಗಂತೂ ಗೊತ್ತಿಲ್ಲ. ಹೊಗೆ ಹೋಗಲು ದಾರಿಯಿಲ್ಲ, ಒಲೆ ಹಚ್ಚುವಂತಿಲ್ಲ. ಮೇಯರ್ ಎರಡೂ ಕೈ ಎತ್ತಿಬಿಟ್ಟ. ನವೆಂಬರ್ ಬಂತು, ಹನ್ನೊಂದು ಮಕ್ಕಳು ಕೈಗವಸು ಹಾಕಿಕೊಂಡೇ ಪೆನ್ಸಿಲ್ ಹಿಡಿದರು. ಏಳು ವರ್ಷದ ಮಿಂಚೋ ಬರೆದ ಸೇಬು ಹಾಳೆಯ ಮೇಲೇ ನಡುಗುತ್ತಿತ್ತು.

ನವೆಂಬರಿನಲ್ಲಿ ನಮ್ಮೂರಲ್ಲಿ ಬೆಚ್ಚಗಿರುವ ಜಾಗ ಒಂದೇ, ಹೊಳೆ ದಂಡೆಯ ಭಟ್ಟಿಮನೆ. ಪ್ಲಮ್ ಹಣ್ಣು ಕೊಳೆಹಾಕಿದವರೆಲ್ಲ ಸರದಿ ಪ್ರಕಾರ ಪೀಪಾಯಿ ಹೊತ್ತು ತರುತ್ತಾರೆ, ಬೆಂಕಿಗೆ ಅವರವರ ಕಟ್ಟಿಗೆ ಅವರವರೇ ತರಬೇಕು, ರಕಿಯಾ, ಅಂದರೆ ಹಣ್ಣಿನ ಸಾರಾಯಿ, ಇಳಿಯುವವರೆಗೆ ಬೆಂಚಿನ ಮೇಲೆ ಕೂತು ಹಂದಿಮಾಂಸ ಸುಟ್ಟುಕೊಂಡು ಊರ ಹೆಂಗಸರ ಬಗ್ಗೆ ಮಾತಾಡಬೇಕು. ಪದ್ಧತಿ ಹಾಗೆ. ಭಟ್ಟಿ ಊರಿನದು. ಅದರ ಕೀಲಿ ಯಾರ ಸೊಂಟದಲ್ಲಿರಬೇಕು ಎಂದು ಊರವರು ಪ್ರತಿ ವರ್ಷ ಸೇರಿ ತೀರ್ಮಾನ ಮಾಡುತ್ತಾರೆ, ಮತ್ತು ಪ್ರತಿ ವರ್ಷ ನೆದ್ಕೋನ ಸೊಂಟ ಎಂದೇ ತೀರ್ಮಾನವಾಗುತ್ತದೆ. ಇಪ್ಪತ್ನಾಲ್ಕು ವರ್ಷ ಹೀಗೇ ಆಯಿತು. ಇಳಿದ ಹತ್ತು ಲೀಟರಿಗೆ ಒಂದು ಲೀಟರ್ ಅವನ ಪಾಲು, ಅದು ಎಲ್ಲರೂ ಒಪ್ಪಿದ್ದು.

ಮಕ್ಕಳ ಸಾಲು ಬಾಗಿಲಲ್ಲಿ ಕಂಡಾಗ ಬೆಂಚಿನ ಮೇಲಿದ್ದವರೆಲ್ಲ ಲೋಟ ಬಚ್ಚಿಟ್ಟರು. ಟ್ರಾಕ್ಟರ್ ಓಡಿಸುವ ಗ್ರೊಜ್ಡಾನ್ ಮಾತ್ರ ಬಚ್ಚಿಡಲಿಲ್ಲ, ನಾಚಿಕೆ ಅನ್ನುವುದು ಅವನ ವಂಶದಲ್ಲೇ ಇಲ್ಲ.

"ಏನ್ ಟೀಚರಮ್ಮ, ಮಕ್ಳಿಗೆ ಈಗ್ಲೇ ಅಭ್ಯಾಸ ಮಾಡಿಸ್ತಿದ್ದೀರಾ?"

"ಅಭ್ಯಾಸ ಮಾಡಿಸೋಕೆ ಅವರಪ್ಪಂದಿರಿದ್ದಾರೆ. ನಾವು ಬೆಂಕಿ ಕಾಯೋಕೆ ಬಂದಿದ್ದೀವಿ, ಕಾಲು ಆ ಕಡೆ ಎಳ್ಕೊಳ್ಳಿ."

ನೆದ್ಕೋ ಮೀಸೆಯೊಳಗೇ ನಕ್ಕ. ಅರವತ್ತೆಂಟು ವರ್ಷದ ಮನುಷ್ಯ, ಮುಖವೆಲ್ಲ ಮಸಿ, ಮಾತು ಕಡಿಮೆ. ಹಂಡೆ ಮತ್ತು ಹಿಂದಿನ ಗೋಡೆಯ ನಡುವಿನ ಜಾಗ ತೋರಿಸಿದ. ಎಲ್ಲಕ್ಕಿಂತ ಬೆಚ್ಚಗಿನ ಜಾಗ ಅದು. ಖಾಲಿ ಗೋಣಿಚೀಲ ಹಾಸಿ ಮಕ್ಕಳನ್ನು ನೆಲದ ಮೇಲೆ ಕೂರಿಸಿದೆ. ಐದು ನಿಮಿಷದಲ್ಲಿ ಕೈಗವಸು ಕಳಚಿದವು, ಮೂಗು ಸೋರುವುದು ನಿಂತಿತು.

ಭಟ್ಟಿಗಿಂತ ಒಳ್ಳೆಯ ಪಾಠದ ಸಾಮಾನು ಜನ್ಮದಲ್ಲಿ ನನಗೆ ಸಿಕ್ಕಿರಲಿಲ್ಲ. ನನ್ನ ಪಾಠ ಬಹಳ ಸುಲಭ. ಲೋಕದಲ್ಲಿರುವ ಆಕಾರ ನಾಲ್ಕೇ: ಮೊಟ್ಟೆ, ಪೆಟ್ಟಿಗೆ, ಕೊಳವೆ, ಲಾಳಿಕೆ. ಯಾವುದನ್ನು ಬರೆಯಬೇಕಾದರೂ ಮೊದಲು ಅದರೊಳಗಿನ ಮೊಟ್ಟೆ ಎಲ್ಲಿ, ಕೊಳವೆ ಎಲ್ಲಿ ಎಂದು ಹುಡುಕಬೇಕು, ತೆಳ್ಳಗೆ ಗೀಟು ಹಾಕಬೇಕು, ಆಮೇಲೆ ತಿದ್ದಬೇಕು. ಇದನ್ನು ಹೇಳುತ್ತಿದ್ದಂತೆ ಬೆಂಚಿನಿಂದ ಪಾದ್ರಿ ಲಾಜರ್ ಕೆಮ್ಮಿದರು. ಚರ್ಚಿನ ಹಿತ್ತಲ ಪ್ಲಮ್‌ಗೆ ಸರದಿ ಹಿಡಿಯಲು ಬಂದಿದ್ದರು.

"ನಾಲ್ಕೇನಾ ವೆಲಿಚ್ಕಾ? ದೇವರು ಆರು ದಿನ ಕಷ್ಟಪಟ್ಟದ್ದು ಬರೀ ನಾಲ್ಕಕ್ಕಾ?"

"ಮಿಕ್ಕಿದ್ದೆಲ್ಲ ಕುಸುರಿ ಕೆಲಸ ಫಾದರ್. ನಿಮ್ಮನ್ನೇ ನೋಡಿ. ಒಂದು ದೊಡ್ಡ ಮೊಟ್ಟೆ, ಅದರ ಮೇಲೊಂದು ಚಿಕ್ಕ ಮೊಟ್ಟೆ, ಅದರ ಮೇಲೊಂದು ಕೊಳವೆ."

ಕೊಳವೆ ಅಂದರೆ ಅವರ ಕರಿ ಟೋಪಿ. ಮಕ್ಕಳು ಗೋಣಿಚೀಲದ ಮೇಲೆ ಉರುಳಾಡಿ ನಕ್ಕರು. ಪಾದ್ರಿ ತಮ್ಮ ದೊಡ್ಡ ಮೊಟ್ಟೆಯನ್ನು ಕೋಟಿನೊಳಗೆ ಸೇರಿಸಿಕೊಂಡರು.

ಎರಡನೇ ಪಾಠ ಕಷ್ಟದ್ದು. ಬಕೆಟಿನ ಬಾಯಿ ದುಂಡಗಿದೆ ಎಂದು ಎಲ್ಲರಿಗೂ ಗೊತ್ತು, ಅದಕ್ಕೇ ಎಲ್ಲರೂ ದುಂಡಗೆ ಬರೆದು ಹಾಳುಮಾಡುತ್ತಾರೆ. ಕೂತಲ್ಲಿಂದ ನೋಡಿದರೆ ಅದು ಅಮುಕಿದ ಮೊಟ್ಟೆ. ಒಂದು ಕಣ್ಣು ಮುಚ್ಚಿ, ಕೈ ನೀಡಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿಟ್ಟು ಅಳೆಯಿರಿ ಎಂದೆ. ಗ್ರೊಜ್ಡಾನ್‌ಗೆ ಇದನ್ನು ಸಹಿಸಲಾಗಲಿಲ್ಲ.

"ಬಕೆಟ್ ದುಂಡಗಿದೆ ಕಣ್ರೀ! ನಾನೇ ಕೊಂಡು ತಂದಿದ್ದು!"

"ಕೊಂಡು ತಂದ್ರಿ, ನೋಡ್ಲಿಲ್ಲ. ಮಕ್ಕಳೇ, ಗೊತ್ತಿರೋದನ್ನ ಬರೀಬೇಡಿ, ಕಾಣೋದನ್ನ ಬರೀರಿ. ಅದೇನು ಅಂತ ಕೇಳಲೇಬೇಡಿ. ಹೆಸರು ಗೊತ್ತಾದ ತಕ್ಷಣ ಕಣ್ಣು ನಿದ್ದೆ ಹೋಗುತ್ತೆ. ಯಾವ ಆಕಾರ, ಎಷ್ಟು ದಪ್ಪ, ಯಾವುದರ ಹಿಂದೆ, ಅಷ್ಟೇ ಕೇಳಿ."

ಅಯ್ಯೋ, ಎಂಥ ಜಂಬದಿಂದ ಹೇಳಿದೆ ನಾನು ಅದನ್ನು.

ಈ ಹನ್ನೊಂದರಲ್ಲಿ ಒಂದು, ನೆದ್ಕೋನ ಮೊಮ್ಮಗಳು ಸೆವ್ದಾ. ಹದಿಮೂರು ವರ್ಷ, ಕೂದಲು ತಾನೇ ಕತ್ತರಿಸಿಕೊಂಡದ್ದು, ಹಾಗೇ ಕಾಣುತ್ತದೆ. ತಾಯಿ ಸಮುದ್ರ ತೀರದ ಹೋಟೆಲೊಂದರಲ್ಲಿ ಅಡುಗೆಯವಳು. ಅಪ್ಪ ಎಲ್ಲಿದ್ದಾನೆ ಎಂದು ಕೇಳಬೇಡಿ, ಅವನಿಗೇ ಗೊತ್ತಿರಲಿಕ್ಕಿಲ್ಲ. ಸಹಿ ಹಾಕುವ ವಿಷಯಕ್ಕೆಲ್ಲ ತಾತನೇ ಪೋಷಕ. ಈ ಹುಡುಗಿ ಬರೆದ ಬಕೆಟ್ ನೋಡಿದರೆ ಎತ್ತಿ ಮೂಲೆಯಲ್ಲಿಡೋಣ ಅನ್ನಿಸುತ್ತದೆ. ಮೂವತ್ತೊಂದು ವರ್ಷದಲ್ಲಿ ನೂರಾರು ಮಕ್ಕಳಿಗೆ ಕಲಿಸಿದೆ. ಒಬ್ಬರನ್ನೂ ನಗರದ ಕಲಾಶಾಲೆಗೆ ಕಳಿಸಲಾಗಲಿಲ್ಲ. ನಾನೂ ಅಲ್ಲಿ ಓದಬೇಕಿದ್ದವಳು, ಪರೀಕ್ಷೆಯಲ್ಲಿ ಗಚ್ಚಿನ ಉಂಡೆಗೆ ನೆರಳು ಹಾಕುವಾಗ ಅಳು ಬಂದು ಎದ್ದು ಓಡಿದವಳು. ಬರುವ ಬೇಸಿಗೆಗೆ ನನಗೆ ನಿವೃತ್ತಿ. ಸೆವ್ದಾಳನ್ನು ಕಳಿಸಲೇಬೇಕೆಂದು ಹಠ ಹಿಡಿದಿದ್ದೆ, ಮತ್ತು ಅವಳಿಗೂ ಹೋಗಲೇಬೇಕಿತ್ತು. ಬಾಯಿಬಿಟ್ಟು ಹೇಳುವ ಹುಡುಗಿಯಲ್ಲ ಅದು. ಆದರೆ ಕಲಾಶಾಲೆಯ ಅರ್ಜಿಯನ್ನು ತುಂಬುವಾಗ ಒಂದೊಂದು ಅಕ್ಷರಕ್ಕೂ ಉಸಿರು ಬಿಗಿ ಹಿಡಿದಿದ್ದಳು. ಪೋಷಕರ ಸಹಿಯೊಂದು ಬಾಕಿ. ಶುಕ್ರವಾರ ಸಂಜೆ ಐದರೊಳಗೆ ಅಂಚೆಗೆ ಬೀಳಬೇಕು.

ಮಂಗಳವಾರ ಅರ್ಜಿಯನ್ನು ನೆದ್ಕೋನ ಮುಂದೆ ಹಿಡಿದೆ. ಅವನು ಅದನ್ನು ಕಣ್ಣಿಂದ ದೂರ ಇಟ್ಟು ಓದಿ ವಾಪಸು ಕೊಟ್ಟ.

"ಐದು ವರ್ಷ?"

"ಐದು ವರ್ಷ. ಹಾಸ್ಟೆಲ್ ಇದೆ, ಊಟ ಅವರದೇ."

"ಇರೋ ಬಕೆಟ್‌ನ ಮತ್ತೆ ಬರೆಯೋಕೆ ಐದು ವರ್ಷನಾ ಟೀಚರಮ್ಮ? ಬಕೆಟ್ ಇಲ್ಲೇ ಇದೆಯಲ್ಲ. ಪೇಟೆ ಶಾಲೆಗೆ ಹೋಗ್ಲಿ, ಕೂದಲು ಕತ್ತರಿಸೋದು ಕಲೀಲಿ. ಅವಳ ತಲೆ ನೋಡಿ, ಎಷ್ಟು ಅಗತ್ಯ ಇದೆ ಅಂತ."

ಬೆಂಚು ಹೋ ಎಂದು ನಕ್ಕಿತು. ಸೆವ್ದಾ ತಲೆ ಎತ್ತಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ನೆದ್ಕೋ ಅಣ್ಣ, ಇರೋದನ್ನ ಬರೆಯೋದು ಅಷ್ಟು ಸುಲಭನಾ? ಇಪ್ಪತ್ನಾಲ್ಕು ವರ್ಷದಿಂದ ಈ ಹಂಡೆ ಮುಂದೆ ನಿಂತಿದ್ದೀರಿ. ತಗೊಳ್ಳಿ ಪೆನ್ಸಿಲ್ಲು, ಬರೀರಿ ನೋಡೋಣ."

ಅವನು ಪೆನ್ಸಿಲ್ ಮುಟ್ಟಲಿಲ್ಲ. ಆದರೆ ಎಲ್ಲರ ಎದುರಿಗೆ ಮಾತು ಬಂದುಬಿಟ್ಟಿತ್ತು. ಮೀಸೆ ಎಳೆದುಕೊಂಡು ಹೇಳಿದ: "ಆಯ್ತು. ಅವಳೇ ಬರೀಲಿ. ನನ್ನ ಭಟ್ಟೀನ ಬರೀಲಿ. ನನ್ನದೇ ಆಗಿರಬೇಕು, ಪಕ್ಕದೂರಿಂದು ಅಂತ ಯಾರೂ ಅನ್ನಬಾರದು. ನೋಡಿ, ಹೌದು ಇದು ನನ್ನದೇ ಅಂತ ನನಗನ್ನಿಸಿದ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಕತ್ತರಿ."

"ಮಾತು?" ಎಂದಳು ಸೆವ್ದಾ. ಆ ವಾರದಲ್ಲಿ ಅವಳಾಡಿದ ಮೊದಲ ಮಾತು ಅದೇ ಇರಬೇಕು.

"ಮಾತು" ಎಂದ ನೆದ್ಕೋ. ಬೆಂಚಿನವರು ಸಾಕ್ಷಿಗೆ ಲೋಟ ಎತ್ತಿದರು. ಅವರಿಗೆ ಎತ್ತಲು ಒಂದು ನೆಪ ಬೇಕಿತ್ತು ಅಷ್ಟೇ.

ಬುಧವಾರ, ಗುರುವಾರ ಹುಡುಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು, ಏಳಲಿಲ್ಲ. ನಾನೂ ಹತ್ತಿರ ಹೋಗಲಿಲ್ಲ. ಬರೆಯುವವರ ಹೆಗಲ ಮೇಲೆ ಉಸಿರು ಬಿಡಬಾರದು, ಅದೊಂದು ನಿಯಮವನ್ನು ನಾನು ಯಾವತ್ತೂ ಮುರಿದಿಲ್ಲ.

ಶುಕ್ರವಾರ ಮಧ್ಯಾಹ್ನ ಗ್ರೊಜ್ಡಾನ್‌ನ ಸರದಿ. ಅವನ ಹಣ್ಣಿನ ಕೊಳೆ ಹಂಡೆಯಲ್ಲಿ ಕುದಿಯುತ್ತಿತ್ತು, ಎಂದಿನ ಹಾಗೆ ಅವನ ಗಂಟಲೂ ಕುದಿಯುತ್ತಿತ್ತು: "ನಂದು ಅಪ್ಪಟ ಪ್ಲಮ್ಮು! ಒಂದು ಚಮಚ ಸಕ್ಕರೆ ಇಲ್ಲ! ಸಕ್ಕರೆ ಹಾಕೋನು ಗಂಡಸೇ ಅಲ್ಲ!" ಮುಂದಿನ ಸರದಿ ಪಾದ್ರಿ ಲಾಜರ್ ಅವರದು, ಅವರ ಕಟ್ಟಿಗೆ ಆಗಲೇ ಬಂದು ಬಿದ್ದಿತ್ತು. ನಾನು ಮಕ್ಕಳ ಹಾಳೆಗಳನ್ನು ನೋಡುತ್ತಾ ಬಂದೆ.

ಮಿಂಚೋನ ಭಟ್ಟಿ ಯುದ್ಧದ ಟ್ಯಾಂಕಿನಂತಿತ್ತು, ಅವನು ಏನು ಬರೆದರೂ ಟ್ಯಾಂಕೇ. ಆದರೆ ಪಕ್ಕದಲ್ಲಿ ಗ್ರೊಜ್ಡಾನ್‌ನ ಟ್ರಾಕ್ಟರ್ ಗಾಡಿ, ಅದರೊಳಗೆ ಹುಲ್ಲು, ಹುಲ್ಲಿನಡಿ ಮೂರು ಪೆಟ್ಟಿಗೆಯಾಕಾರದ ಚೀಲ, ಚೀಲದ ಮೇಲೆ ಅಚ್ಚುಕಟ್ಟಾಗಿ ಕಂಡದ್ದು ಕಂಡಂತೆ ಅಕ್ಷರ: ಸಕ್ಕರೆ, ಐವತ್ತು ಕಿಲೋ. ನಗು ತಡೆದುಕೊಂಡೆ. ಪಕ್ಕದ ಪುಟಾಣಿ ದೋಂಕಾ ಪಾದ್ರಿಗಳ ಕಟ್ಟಿಗೆ ಬರೆದಿದ್ದಳು. ಒಂದೊಂದು ಕಟ್ಟಿಗೆಗೂ ಮೊಟ್ಟೆ, ಕೊಳವೆ, ಮತ್ತೆ ಮೊಟ್ಟೆ. ಇದೇನಪ್ಪಾ ಈ ಕಾಡಿನಲ್ಲಿ ಕಡೆದ ಮರ ಬೆಳೆಯುತ್ತದಾ ಎಂದು ನೋಡಿದರೆ, ಅವು ನನ್ನ ವಾಚನಾಲಯದ ಕುರ್ಚಿ ಕಾಲು! ಆರು ಕುರ್ಚಿ ಸೆಪ್ಟೆಂಬರ್‌ನಿಂದ ಕಾಣೆಯಾಗಿದ್ದವು. ಪಾದ್ರಿಯನ್ನು ಆಮೇಲೆ ವಿಚಾರಿಸಿಕೊಳ್ಳೋಣ ಎಂದು ಮುಂದೆ ಹೋದೆ, ಸೆವ್ದಾಳ ಹಾಳೆ ನೋಡಿದೆ, ಅಲ್ಲೇ ನಿಂತೆ.

ಏನು ಹೇಳಲಿ. ತಾಮ್ರದ ಹಂಡೆ ಹಾಳೆಯ ಮೇಲೆ ಬೆಚ್ಚಗೆ ಕೂತಿತ್ತು. ಮುಚ್ಚಳದ ಅರ್ಧ ಮೊಟ್ಟೆ, ಅದರ ಬದಿಯಲ್ಲಿ ಒಂದು ಕಾಲದಲ್ಲಿ ಯಾರೋ ಕುಡಿದು ಒದ್ದ ತಗ್ಗು, ತೇಪೆ, ತೇಪೆಯ ಮೊಳೆ, ಹಂಡೆಯಿಂದ ತಣ್ಣೀರಿನ ಪೀಪಾಯಿಗೆ ಹೋಗುವ ಬಾಗಿದ ಕೊಳವೆ, ಪೀಪಾಯಿಯ ಬಾಯಿ ಅಮುಕಿದ ಮೊಟ್ಟೆಯಾಗಿ, ಕೆಳಗೆ ರಕಿಯಾ ಬೀಳುವ ಬಕೆಟ್. ನನ್ನ ಕಣ್ಣು ತುಂಬಿತು. ಆಮೇಲೆ ಪೀಪಾಯಿಯ ಹಿಂದೆ ನೋಡಿದೆ. ಅಲ್ಲಿ ನೆದ್ಕೋ ತನಗೆಂದು ಒಟ್ಟಿಟ್ಟ, ಯಾರೂ ಮುಟ್ಟದ ಕಟ್ಟಿಗೆ ರಾಶಿ. ರಾಶಿಯ ಸಂದಿಯಲ್ಲಿ ಇನ್ನೊಂದು ಕೊಳವೆ. ತೆಳ್ಳಗಿನದು. ಪೀಪಾಯಿಯ ಬುಡದಿಂದ ಹೊರಟು ನೆಲದ ಗುಂಡಿಯಲ್ಲಿ ಹುಗಿದ ಒಂದು ಗಾಜಿನ ಜಾಡಿಯ ಕತ್ತಿಗೆ ಇಳಿದಿತ್ತು.

ನಿಂತವರಿಗೆ, ಬೆಂಚಿನ ಮೇಲೆ ಕೂತವರಿಗೆ ರಾಶಿಯೇ ಕಾಣುತ್ತದೆ. ಗೋಡೆ ಬದಿಗೆ ನೆಲದ ಮೇಲೆ ಕೂತರೆ ಮಾತ್ರ ಸಂದಿ ಕಾಣುತ್ತದೆ. ಇಪ್ಪತ್ನಾಲ್ಕು ವರ್ಷದಲ್ಲಿ ಅಲ್ಲಿ ಯಾರೂ ಕೂತಿರಲಿಲ್ಲ, ನಾನು ಕೂರಿಸುವವರೆಗೆ.

ಬಕೆಟಿಗೆ ಬೀಳಬೇಕಾದ್ದರಲ್ಲಿ ಒಂದು ಪಾಲು ಗುಟ್ಟಾಗಿ ಆ ಜಾಡಿಗೆ. ಮೊದಲು ಬಂದದ್ದು ಸಿಟ್ಟು. ಕಳ್ಳ ಮುಂಡೇಗಂಡ, ನನ್ನ ಪ್ಲಮ್ಮೂ ಪ್ರತಿ ವರ್ಷ ಇಲ್ಲೇ ಇಳಿಯುತ್ತದೆ! "ಈ ಸಲ ಹಣ್ಣು ನೀರು ನೀರಾಗಿತ್ತು ಟೀಚರಮ್ಮ, ಅದಕ್ಕೇ ಕಮ್ಮಿ ಬಂತು" ಎಂದು ಎಷ್ಟು ಮುಖ ಸಪ್ಪೆ ಮಾಡಿಕೊಂಡು ಹೇಳುತ್ತಿದ್ದ. ಆಮೇಲೆ ಬಂದದ್ದು ಭಯ. ಈ ಚಿತ್ರ ಬೆಂಚಿಗೆ ಹೋದರೆ ಸಹಿ ಎಲ್ಲಿ, ಶಾಲೆ ಎಲ್ಲಿ? ಗಡಿಯಾರ ನೋಡಿದೆ, ಮೂರೂವರೆ. ಕೂತು ಅವಳ ಕಿವಿಯಲ್ಲಿ ಹೇಳಿದೆ. ಹೇಳಬಾರದಿತ್ತು, ಹೇಳಿದೆ.

"ಸೆವ್ದಾ, ಇದೊಂದನ್ನ ಅಳಿಸಿಬಿಡು."

"ಯಾಕೆ? ತಪ್ಪು ಬಂದಿದೆಯಾ?"

"ಇಲ್ಲ. ಅದೇನು ಅಂತ ಗೊತ್ತಾ ನಿಂಗೆ?"

"ಅದೇನು ಅಂತ ಕೇಳ್ಬಾರ್ದು ಅಂದಿದ್ರಲ್ಲ ಟೀಚರ್."

"ಈಗ ತಲೆಹರಟೆ ಬೇಡ. ಅಳಿಸು. ಆ ಜಾಗದಲ್ಲಿ ಗೋಡೆ ಬರಿ."

"ಆ ಜಾಗದಲ್ಲಿ ಗೋಡೆ ಕಾಣಲ್ಲ" ಎಂದು ನನ್ನನ್ನೇ ನೋಡಿದಳು. ಮಕ್ಕಳು ಹಾಗೆ ನೋಡಿದಾಗ ನೆಲ ಬಾಯಿಬಿಡಬಾರದೇ ಅನ್ನಿಸುತ್ತದೆ. ರಬ್ಬರು ನಾನೇ ತೆಗೆದುಕೊಂಡೆ. ಅಷ್ಟರಲ್ಲಿ ಗ್ರೊಜ್ಡಾನ್‌ನ ಕೈ ನನ್ನ ತಲೆಯ ಮೇಲಿಂದ ಬಂದು ಹಾಳೆಯನ್ನು ಎತ್ತಿಕೊಂಡು ಹೋಯಿತು.

"ಅಬ್ಬಬ್ಬಾ! ಬನ್ರೋ ನೋಡಿ! ಅದೇ ತಗ್ಗು! ನಾನೇ ಒದ್ದಿದ್ದು, ಮಗಳ ಮದುವೆ ವರ್ಷ!"

ಹಾಳೆ ಕೈಯಿಂದ ಕೈಗೆ ಹೋಯಿತು. ತೇಪೆ ನೋಡು, ಮೊಳೆ ನೋಡು, ಹೊಗೆ ನೋಡು ಎಂದರು. ನೆದ್ಕೋ ಕೈ ಒರೆಸಿಕೊಳ್ಳುತ್ತಿದ್ದ. ಮುಖದಲ್ಲಿ ಅಡಗಿಸಲಾಗದ ಹೆಮ್ಮೆ. ಇನ್ನೇನು ಹಾಳೆ ಅವನಿಗೆ ತಲುಪಬೇಕು, ಗ್ರೊಜ್ಡಾನ್‌ನ ಬೆರಳು ಒಂದು ಕಡೆ ನಿಂತಿತು.

"ಇದೇನಿದು?"

ಹಂಡೆ ಗುಳುಗುಳು ಎನ್ನುತ್ತಿತ್ತು, ಅದರೊಳಗಿದ್ದದ್ದು ಗ್ರೊಜ್ಡಾನ್‌ನ ಕೊಳೆಯೇ. ಎಲ್ಲರೂ ಕಟ್ಟಿಗೆ ರಾಶಿಯತ್ತ ತಿರುಗಿದರು. ನೆದ್ಕೋ ಹೋಗಿ ರಾಶಿಗೆ ಬೆನ್ನು ಕೊಟ್ಟು ನಿಂತುಕೊಂಡ.

"ಮಕ್ಕಳು ಏನೋ ಗೀಚ್ತವೆ" ಎಂದ.

"ಕಟ್ಟಿಗೆ ಸರ್ಸು ನೆದ್ಕೋ."

"ಸರ್ಸಲ್ಲ. ಮಕ್ಕಳ ಗೀಚಾಟಕ್ಕೆಲ್ಲ ನಾನು ಕಟ್ಟಿಗೆ ಸರ್ಸೋನಲ್ಲ."

"ಕಳ್ಳ ನನ್ಮಗನೇ, ಸರ್ಸು ಅಂದೆ!"

ಬೆಂಚು ಮಗುಚಿ ಬಿತ್ತು. ಪಾದ್ರಿಗಳೂ ತೋಳು ಮಡಚುತ್ತಿದ್ದರು. ನಾನು ಬುದ್ಧಿವಂತೆ ನೋಡಿ, ಮಧ್ಯೆ ನುಗ್ಗಿದೆ. ಮಿಂಚೋನ ಹಾಳೆ ಒಂದು ಕೈಯಲ್ಲಿ, ದೋಂಕಾಳದು ಇನ್ನೊಂದರಲ್ಲಿ.

"ಸರಿಸೋಣ! ಸರಿಸೋದಾದ್ರೆ ಎಲ್ಲಾ ಸರಿಸೋಣ! ಗ್ರೊಜ್ಡಾನ್, ಮೊದಲು ನಿಮ್ಮ ಗಾಡಿ ಹುಲ್ಲು ಸರಿಸೋಣ, ಅದರಡಿ ಏನಿದೆ ಅಂತ ಮಿಂಚೋ ಅಕ್ಷರ ಸಮೇತ ಬರೆದಿದ್ದಾನೆ. ಫಾದರ್, ನಿಮ್ಮ ಕಟ್ಟಿಗೆನೂ ಸರಿಸೋಣ, ನನ್ನ ಆರು ಕುರ್ಚಿಗೆ ಎಷ್ಟು ಕಾಲು ಅಂತ ಎಣಿಸೋಣ!"

ಗ್ರೊಜ್ಡಾನ್ ಹಾಳೆ ನೋಡಿದ. ಇಂಗು ತಿಂದ ಮಂಗನ ಮುಖ ಆಯಿತು ಅವನದು. ಪಾದ್ರಿ ತಮ್ಮ ಗಡ್ಡ ಪರೀಕ್ಷಿಸಿಕೊಂಡರು. ಗ್ರೊಜ್ಡಾನ್ ಬೆಂಚನ್ನು ಎತ್ತಿ ನಿಲ್ಲಿಸಿದ.

"ಹೂಂ, ಮಿಂಚೋ ಇನ್ನೂ ಚಿಕ್ಕೋನು. ಏನೇನೋ ಕಾಣುತ್ತೆ ಅವನಿಗೆ."

"ಮಕ್ಕಳ ಕಲ್ಪನೆ ದೇವರ ವರ" ಎಂದರು ಪಾದ್ರಿ.

"ಕಲ್ಪನೆ, ಕಲ್ಪನೆ" ಎಂದು ಎಲ್ಲರೂ ತಲೆದೂಗಿದರು. ಲೋಟಗಳಿಗೆ ರಕಿಯಾ ಬಿತ್ತು. ಸಕ್ಕರೆ ಇರಲಿಲ್ಲ, ಕುರ್ಚಿ ಇರಲಿಲ್ಲ, ಕೊಳವೆ ಇರಲಿಲ್ಲ. ಐದೇ ನಿಮಿಷದಲ್ಲಿ ಇಡೀ ಊರನ್ನು ಕಾಪಾಡಿಬಿಟ್ಟೆನಲ್ಲ ಎಂದು ನಾನೂ ಒಂದು ಲೋಟ ಏರಿಸಿದೆ. ಅದು ಗಂಟಲಲ್ಲಿ ಇಳಿಯುವಷ್ಟು ಹೊತ್ತು ನನ್ನಷ್ಟು ಜಾಣೆ ಭೂಮಿಯ ಮೇಲಿರಲಿಲ್ಲ.

"ನಾನೇನ್ ಕಲ್ಪನೆ ಮಾಡಿಲ್ಲ, ಚೀಲ ಅಲ್ಲೇ ಇದೆ!" ಎಂದು ಮಿಂಚೋ ಅಳಲು ಶುರುಮಾಡಿದ. ಆಗ ಸೆವ್ದಾಳನ್ನು ನೋಡಿದೆ.

ಗೋಡೆಗೆ ಒರಗಿ ನಿಂತಿದ್ದಳು. ಅವಳು ಕಂಡದ್ದನ್ನು ಸುಳ್ಳು ಮಾಡಿ ದೊಡ್ಡವರೆಲ್ಲ ರಾಜಿಯಾಗಿದ್ದೆವು, ಅವಳ ಟೀಚರೂ ಸೇರಿ. ಬಂದು ಬೆಂಚಿನ ಮೇಲಿದ್ದ ತನ್ನ ಹಾಳೆಯನ್ನು ಎತ್ತಿಕೊಂಡು ತಾತನ ಮುಂದೆ ಹಿಡಿದಳು.

"ತಾತ, ಇದು ನಿನ್ನ ಭಟ್ಟಿ ಹೌದಾ, ಅಲ್ವಾ?"

ಆಗಲೇ ನನಗೆ ಹೊಳೆದದ್ದು, ನಾನು ಮಾಡಿಟ್ಟ ಅನಾಹುತ. ಹೌದು ಎಂದರೆ ಅವನು ಕಳ್ಳ. ಅಲ್ಲ ಎಂದರೆ ಸಹಿ ಇಲ್ಲ.

ನೆದ್ಕೋ ತುಟಿ ಒದ್ದೆ ಮಾಡಿಕೊಂಡ. "ನಂದೇ... ಹೆಚ್ಚುಕಮ್ಮಿ ನಂದೇ. ಆ ಒಂದು ಗೀಟು ಬಿಟ್ರೆ."

"ಅದನ್ನ ಬಿಟ್ರೆ ಇದು ಪಕ್ಕದೂರಿಂದು" ಎಂದಳು ಹುಡುಗಿ. ಹಾಳೆಯನ್ನು ಮಗುಚಿ ಬೆಂಚಿನ ಮೇಲಿಟ್ಟಳು. ಅತ್ತಳೇ ಎಂದರೆ ಅದೂ ಇಲ್ಲ. ಮಕ್ಕಳ ಪೆನ್ಸಿಲುಗಳನ್ನು ಒಂದೊಂದೇ ಆರಿಸಿ ಡಬ್ಬಿಗೆ ಹಾಕತೊಡಗಿದಳು, ದಿನಾ ಕ್ಲಾಸು ಮುಗಿದ ಮೇಲೆ ಮಾಡುವ ಹಾಗೆ.

ಗ್ರೊಜ್ಡಾನ್ ಧಾರಾಳವಾಗಿ ಹೇಳಿದ: "ಹೋಗ್ಲಿ ಬಿಡು ಮಗಾ, ಇನ್ನೊಂದು ಬರಿ. ಕೊಳವೆ ಇಲ್ಲದ್ದು."

ನೆದ್ಕೋ ಹಾಳೆಯನ್ನು ಎತ್ತಿಕೊಂಡ. ಬೆಂಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. ಹಂಡೆಯನ್ನು ನೋಡಿದ, ಮತ್ತೆ ಹಾಳೆಯನ್ನು ನೋಡಿದ. ಅವನ ಮೀಸೆ ಅಲುಗಿತು.

"ಕೊಳವೆ ಇಷ್ಟು ದಪ್ಪ ಇಲ್ಲ" ಎಂದ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಸೆವ್ದಾಳ ಕೈ ಡಬ್ಬಿಯೊಳಗೇ ನಿಂತಿತು.

"ಇದೆ" ಎಂದಳು.

"ಇಲ್ಲ. ನಾನೇ ಬೆಸುಗೆ ಹಾಕಿದ್ದು, ನಂಗೊತ್ತಿಲ್ವಾ? ಇಷ್ಟು ದಪ್ಪ ಇದ್ದಿದ್ರೆ ನಾನು ಇಷ್ಟೊತ್ತಿಗೆ ಮೂರು ಮಹಡಿ ಮನೆ ಕಟ್ಟಿಸ್ತಿದ್ದೆ."

"ನಿಂಗೆ ಗೊತ್ತಿರೋದನ್ನ ಹೇಳ್ತಿದ್ದೀಯ. ನಾನು ಅಳೆದಿದ್ದೀನಿ."

"ಹಂಗಾದ್ರೆ ನೋಡೇಬಿಡೋಣ" ಎಂದ ನೆದ್ಕೋ. ತಿರುಗಿ ಕಟ್ಟಿಗೆ ರಾಶಿಗೆ ಕೈ ಹಾಕಿದ. ಒಂದೊಂದೇ ತುಂಡು ಎತ್ತಿ ಆಚೆ ಎಸೆದ. ಯಾರೂ ತಡೆಯಲಿಲ್ಲ, ಯಾರೂ ಸಹಾಯಕ್ಕೂ ಹೋಗಲಿಲ್ಲ. ರಾಶಿ ಇಳಿದಂತೆ ಕೊಳವೆ ಹೊರಬಂತು, ಇಪ್ಪತ್ನಾಲ್ಕು ವರ್ಷದ ಹಸಿರು ಕಿಲುಬು ಹಿಡಿದ ತಾಮ್ರದ ಕೊಳವೆ, ಅದರ ತುದಿಯಿಂದ ಗ್ರೊಜ್ಡಾನ್‌ನ ಅಪ್ಪಟ ಪ್ಲಮ್ಮಿನ ರಕಿಯಾ ಜಾಡಿಯೊಳಗೆ ತೊಟ್ಟಿಕ್ಕುತ್ತಿತ್ತು.

"ಇಲ್ಲಿಂದ ಅಲ್ಲ ತಾತ, ಅಲ್ಲಿ ಕೂತ್ಕೊಂಡು ನೋಡ್ಬೇಕು."

ಅವಳು ಜಾಗ ತೋರಿಸಿದಳು. ಅವನು ಮಂಡಿ ಹಿಡಿದುಕೊಂಡು, ದೇವರನ್ನೆಲ್ಲ ಕರೆಯುತ್ತಾ, ಗೋಣಿಚೀಲದ ಮೇಲೆ ಮಕ್ಕಳ ಸಾಲಿನಲ್ಲಿ ಕೂತ. ಸೆವ್ದಾ ಅವನ ಕೈಗೆ ಪೆನ್ಸಿಲ್ ಕೊಟ್ಟಳು. ಒಂದು ಕಣ್ಣು ಮುಚ್ಚು ಎಂದಳು. ಅವನಿಗೆ ಒಂದು ಮುಚ್ಚಿದರೆ ಎರಡೂ ಮುಚ್ಚಿಕೊಳ್ಳುತ್ತಿತ್ತು, ಕೊನೆಗೆ ಅವಳೇ ತನ್ನ ಅಂಗೈಯಿಂದ ಅವನ ಎಡಗಣ್ಣು ಮುಚ್ಚಿ ಹಿಡಿದಳು. ಮಿಂಚೋ ಅಳು ನಿಲ್ಲಿಸಿ "ಕೈ ನೆಟ್ಟಗಿಡಿ ತಾತ" ಎಂದು ತಿದ್ದಿದ. ನೆದ್ಕೋ ಕೈ ನೆಟ್ಟಗಿಟ್ಟ. ಕೊಳವೆಯನ್ನು ಅಳೆದ. ಹಾಳೆಯ ಮೇಲೆ ಪೆನ್ಸಿಲ್ ಇಟ್ಟು ನೋಡಿದ. ಇನ್ನೊಮ್ಮೆ ಅಳೆದ.

"ಸರಿಯಾಗೇ ಇದೆ" ಎಂದ. "ನಂದೇ ಇದು. ತನ್ನಿ ಟೀಚರಮ್ಮ ಆ ಕಾಗದ."

ಕೊಟ್ಟೆ. ಮೊಮ್ಮಗಳ ಚಿತ್ರವನ್ನೇ ಅಡಿಗೆ ಇಟ್ಟುಕೊಂಡು, ಕೂತಲ್ಲೇ ಅರ್ಜಿಗೆ ಸಹಿ ಹಾಕಿದ. ಅರ್ಜಿಯ ಮೂಲೆಗೆ ಮಸಿಯ ಹೆಬ್ಬೆರಳು ಬಿತ್ತು. ಆಮೇಲೆ ಯಾರೂ ಕೇಳುವ ಮೊದಲೇ ಸೊಂಟದಿಂದ ಕೀಲಿ ಬಿಚ್ಚಿ ಬೆಂಚಿನ ಕಡೆ ಎಸೆದ. ಅದು ಗ್ರೊಜ್ಡಾನ್‌ನ ಕಾಲ ಬಳಿ ಬಿತ್ತು. ಅಷ್ಟು ದೊಡ್ಡ ಗಂಟಲಿನ ಮನುಷ್ಯ, ಬಗ್ಗಿ ಅದನ್ನು ಎತ್ತಿಕೊಳ್ಳಲು ಅವನಿಗೆ ಮುಖವಿರಲಿಲ್ಲ. ಭಾನುವಾರ ಎತ್ತಿಕೊಂಡ ಅನ್ನಿ, ಈಗ ಭಟ್ಟಿ ಅವನದೇ, ಇಡೀ ಊರಿನ ರಕಿಯಾ ಸಿಹಿಯಾಗಿಬಿಟ್ಟಿದೆ.

ನನಗೆ ನಾಚಿಕೆಯಾಗಿತ್ತು. ನೇರವಾಗಿಯೇ ಹೇಳುತ್ತೇನೆ. ಕಾಣುವುದನ್ನು ಬರೆಯಿರಿ ಎಂದು ಮೂವತ್ತೊಂದು ವರ್ಷ ಗಂಟಲು ಹರಿದುಕೊಂಡವಳು, ಒಂದು ಮಗು ಬರೆದು ತೋರಿಸಿದ ದಿನ ರಬ್ಬರು ಹುಡುಕಿದೆ. ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಕಳ್ಳ ಮುದುಕ ಅದನ್ನು ನನಗಿಂತ ಚೆನ್ನಾಗಿ ಮಾಡಿದ. ಸೆವ್ದಾಳಿಗೆ ತಪ್ಪಾಯಿತು ಕಣೇ ಅನ್ನಬೇಕಿತ್ತು, ಅದರ ಬದಲು ಆ ರಬ್ಬರನ್ನು ಅವಳ ಡಬ್ಬಿಗೆ ಹಾಕಿದೆ.

ನೆದ್ಕೋ ಇನ್ನೂ ನೆಲದ ಮೇಲೇ ಕೂತಿದ್ದ. ಸುತ್ತ ನೋಡಿದ, ಹಂಡೆ, ಪೀಪಾಯಿ, ಎಲ್ಲವನ್ನೂ.

"ಇಲ್ಲಿಂದ ಎಲ್ಲಾ ಕಾಣುತ್ತಲ್ಲೇ" ಎಂದ.

"ಹೂಂ ತಾತ."

"ಎಷ್ಟು ದಿನದಿಂದ ಕಾಣ್ತಿತ್ತು ನಿಂಗೆ?"

"ಮೊದಲ್ನೇ ದಿನದಿಂದ."

"ಮತ್ತೆ ಇಷ್ಟು ದಿನ ಯಾಕೆ ಬರೀಲಿಲ್ಲ?"

"ಇಷ್ಟು ದಿನ ಬಕೆಟ್ಟು, ಪೀಪಾಯಿ ಅಷ್ಟೇ ಬರೀತಿದ್ದೆ" ಎಂದಳು ಸೆವ್ದಾ. "ನಿನ್ನದೇ ಬೇಕು ಅಂತ ನೀನು ಕೇಳಿದ್ದು ಮಂಗಳವಾರ."

ನೆದ್ಕೋ ಮೊದಲು ನಕ್ಕ, ಆಮೇಲೆ ಮಸಿ ಕೈಯಲ್ಲೇ ಕಣ್ಣೊರೆಸಿಕೊಂಡ. ನಾನು ಅರ್ಜಿಯನ್ನು ಕೋಟಿನೊಳಗೆ ತುರುಕಿಕೊಂಡು ಅಂಚೆ ಕಚೇರಿಗೆ ಓಡಿದೆ, ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.